ಅಡ್ಡಗಟ್ಟೆಗಳಿರುವ ಹೊಳೆಯಲ್ಲಿ ಮೀನಿಗೆ ದಾರಿ: ಯಾವ ಉಪಾಯ ಎಲ್ಲಿಗೆ ಹೊಂದುತ್ತದೆ?

ಹೊಳೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಮೀನಿನ ಓಡಾಟವನ್ನು ತಡೆಯುತ್ತದೆ ಎಂಬುದರಲ್ಲಿ ಈಗ ಯಾರಿಗೂ ತಕರಾರಿಲ್ಲ. ತಕರಾರು ಹುಟ್ಟುವುದು ಪರಿಹಾರದ ವಿಷಯದಲ್ಲಿ. ಮೀನೇಣಿ, ಅಂದರೆ ಮೀನು ಹಂತಹಂತವಾಗಿ ಏರಿಹೋಗುವ ಮೆಟ್ಟಿಲುಗಾಲುವೆ, ಕಟ್ಟಿಸಬೇಕು ಎನ್ನುವವರಿದ್ದಾರೆ, ಮರಿಗಳನ್ನು ತಂದು ಬಿಟ್ಟರೆ ಸಾಕು ಎನ್ನುವವರಿದ್ದಾರೆ, ಅಣೆಕಟ್ಟನ್ನೇ ತೆಗೆಯದೆ ಬೇರೆ ಗತಿಯಿಲ್ಲ ಎನ್ನುವವರೂ ಇದ್ದಾರೆ. ಇವುಗಳಲ್ಲಿ ಪ್ರತಿಯೊಂದೂ ಎಲ್ಲೋ ಒಂದು ಕಡೆ ಸರಿ, ಇನ್ನೊಂದು ಕಡೆ ಹಣ ದಂಡ. ಕಿಂಡಿ ಅಣೆಕಟ್ಟಿನ (ಹಲಗೆಯಿಂದ ಮುಚ್ಚಿ ತೆರೆಯುವ ಕಿಂಡಿಗಳಿರುವ ತಗ್ಗು ಕಟ್ಟೆಯ) ಹೊಣೆ ಹೊತ್ತ ಪಂಚಾಯಿತಿಗಳು, ನೀರು ಬಳಕೆದಾರರ ಸಂಘಗಳು, ಸಣ್ಣ ನೀರಾವರಿ ಕಾಮಗಾರಿಗಳ ಅಂದಾಜುಪಟ್ಟಿ ಬರೆಯುವ ಎಂಜಿನಿಯರರು ಮತ್ತು ಮತ್ಸ್ಯಧಾಮಗಳನ್ನು ನೋಡಿಕೊಳ್ಳುವ ದೇವಸ್ಥಾನದ ಸಮಿತಿಗಳು ತಮ್ಮ ಹೊಳೆಗೆ ಯಾವುದು ತಕ್ಕದ್ದು ಎಂದು ತೂಗಿ ನೋಡಲು ಅನುಕೂಲವಾಗಲಿ ಎಂದು, ಕಾವೇರಿ ಕಣಿವೆಯನ್ನೂ ಪಶ್ಚಿಮ ಘಟ್ಟದಿಂದ ಕರಾವಳಿಗೆ ಇಳಿಯುವ ಹೊಳೆಗಳನ್ನೂ ಮುಂದಿಟ್ಟುಕೊಂಡು ಈ ಹೋಲಿಕೆಯನ್ನು ಮಾಡಲಾಗಿದೆ.

ಹೋಲಿಕೆಗೆ ಇಳಿಯುವ ಮೊದಲು ಒಂದು ಅಂಕಿಯನ್ನು ನೆನಪಿಡುವುದು ಒಳ್ಳೆಯದು. ಯೂರೋಪಿನ 36 ದೇಶಗಳ ಹೊಳೆಗಳನ್ನು ಸಮೀಕ್ಷೆ ಮಾಡಿದ ವಿಜ್ಞಾನಿಗಳು ಅಲ್ಲಿ ಕನಿಷ್ಠ 12 ಲಕ್ಷ ಅಡ್ಡಗಟ್ಟೆಗಳಿವೆ ಎಂದು 2020ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 2 ಮೀಟರಿಗಿಂತ ಗಿಡ್ಡವಾದವು. ಹೆಸರುವಾಸಿಯಾದ ದೊಡ್ಡ ಅಣೆಕಟ್ಟುಗಳ ಮೇಲೆ ನಮ್ಮ ಗಮನ ನೆಟ್ಟಿರುತ್ತದೆ, ಆದರೆ ಹೊಳೆಯನ್ನು ತುಂಡುತುಂಡು ಮಾಡುವುದು ಹೆಚ್ಚಾಗಿ ಹೆಸರಿಲ್ಲದ ಒಡ್ಡುಗಳು, ಮೋರಿಗಳು ಮತ್ತು ಕಿರು ಜಲವಿದ್ಯುತ್ ಘಟಕಗಳ ತಿರುವುಗಟ್ಟೆಗಳು. ಕಡಿಮೆ ಖರ್ಚಿನಲ್ಲಿ ಹೆಚ್ಚು ಉಪಕಾರ ಮಾಡಲು ಅವಕಾಶವಿರುವುದೂ ಅಲ್ಲಿಯೇ.

ಮೊದಲು ಮೀನು ಮತ್ತು ತಿಂಗಳು

ಉಪಾಯವನ್ನು ಮೊದಲೇ ಆರಿಸಿಕೊಂಡು ಆಮೇಲೆ ಅದಕ್ಕೆ ಹೊಳೆ ಹುಡುಕುವುದು ನಮ್ಮಲ್ಲಿ ರೂಢಿಯಾಗಿದೆ. ಇದು ತಿರುವುಮುರುವಾಗಬೇಕು. ಯಾವ ಮೀನು, ಯಾವ ತಿಂಗಳಲ್ಲಿ, ಎತ್ತ ಹೋಗುತ್ತದೆ ಎಂಬುದು ತಿಳಿಯದೆ ಯಾವ ಕಾಮಗಾರಿಯನ್ನೂ ಶುರುಮಾಡಬಾರದು. ಇದಕ್ಕೆ ಬೇಕಾದ ತಿಳಿವಳಿಕೆಯ ಒಂದು ಭಾಗ ಹೊಳೆಬದಿಯ ಜನರಲ್ಲಿ ಮೊದಲಿನಿಂದಲೂ ಇದೆ. ಮುಂಗಾರಿನ ಮೊದಲ ಬಿರುಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಕಾಲುವೆಗೆ ಏರಿಬರುವ ಮೀನನ್ನು ಮಲೆನಾಡಿನಲ್ಲಿ ಹತ್ತುಮೀನು ಎನ್ನುತ್ತಾರೆ; ತುಳುನಾಡಿನಲ್ಲಿ ಈ ಏರುವಿಕೆಗೆ ಉಬರ್ ಎಂಬ ಹೆಸರಿದೆ. ಕೂಳಿ ಎಂಬ ಮೀನಿನ ಬೋನು ಒಡ್ಡುವವರಿಗೆ ಯಾವ ಹಳ್ಳದಲ್ಲಿ ಯಾವ ಜಾತಿ ಎಂದು ಏರುತ್ತದೆ, ಯಾವ ಕಟ್ಟೆಯ ಬುಡದಲ್ಲಿ ಅದು ನಿಂತುಬಿಡುತ್ತದೆ ಎಂಬುದು ಕರಾರುವಾಕ್ಕಾಗಿ ಗೊತ್ತಿರುತ್ತದೆ. ಅವರನ್ನು ಕೇಳದೆ ತಯಾರಾದ ಸಮೀಕ್ಷಾ ವರದಿಯನ್ನು ನಂಬುವುದು ಕಷ್ಟ.

ಮೀನುಗಳ ಪಯಣ ಒಂದೇ ಬಗೆಯದಲ್ಲ. ಗೆಂಡೆಯಂಥ ಮೀನುಗಳು ಮತ್ತು ಬೆರಳುದ್ದದ ಹಲವು ಜಾತಿಗಳು ಮೊಟ್ಟೆಯಿಡಲು ಕೆಲವೇ ಕಿಲೋಮೀಟರು ಸಾಗಿ ಹಳ್ಳ ಸೇರುತ್ತವೆ. ಕಾವೇರಿಯ ತೀರದವರು ಬಿಳಿಮೀನು ಎಂದು ಕರೆಯುವ ಮಹಸೀರ್ ದೊಡ್ಡ ಹೊಳೆಯ ಮಡುಗಳಲ್ಲಿ ಬೇಸಿಗೆ ಕಳೆದು, ಮಳೆಗಾಲದಲ್ಲಿ ಗರಸು (ಸಣ್ಣಕಲ್ಲು) ಹಾಸಿದ ಉಪನದಿಗಳತ್ತ ಏರುತ್ತದೆ. ಹಾವುಮೀನಿನ ದಾರಿ ಇದಕ್ಕೆ ತದ್ವಿರುದ್ಧ: ಅದು ಹುಟ್ಟುವುದು ಕಡಲಿನಲ್ಲಿ, ಬೆಳೆಯುವುದು ಘಟ್ಟದ ಹೊಳೆಯಲ್ಲಿ, ಮೊಟ್ಟೆಯಿಡಲು ಮರಳುವುದು ಮತ್ತೆ ಕಡಲಿಗೆ. ಅದರ ಮರಿಗಳು ಒದ್ದೆಯಾದ ಒರಟು ಗೋಡೆಯನ್ನು ಹತ್ತಬಲ್ಲವು, ಹಾಗಾಗಿ ಮಹಸೀರನ್ನು ಪೂರ್ತಿ ತಡೆಯುವ ಕಟ್ಟೆ ಹಾವುಮೀನಿನ ಮರಿಯನ್ನು ತಡೆಯದಿರಬಹುದು; ಆದರೆ ಬೆಳೆದ ಹಾವುಮೀನು ಕೆಳಗಿಳಿಯುವಾಗ ಟರ್ಬೈನಿಗೆ ಸಿಕ್ಕಿದರೆ ಅದರ ಉದ್ದನೆಯ ಮೈಗೆ ಪೆಟ್ಟು ತಪ್ಪುವುದು ಅಪರೂಪ. ಏರುವ ದಾರಿಯನ್ನಷ್ಟೇ ಯೋಚಿಸಿ ಇಳಿಯುವ ದಾರಿಯನ್ನು ಮರೆತ ಯೋಜನೆಗಳು ಜಗತ್ತಿನ ಎಲ್ಲ ಕಡೆಯೂ ಇವೆ.

ಇನ್ನು ಈಜುವ ಬಲದ ಲೆಕ್ಕ. ಮೀನು ಕೆಲವು ಕ್ಷಣಗಳ ಮಟ್ಟಿಗೆ ತನ್ನ ಮೈಯುದ್ದದ ಸುಮಾರು ಹತ್ತು ಪಟ್ಟು ದೂರವನ್ನು ಒಂದು ಸೆಕೆಂಡಿನಲ್ಲಿ ಕ್ರಮಿಸಬಲ್ಲದು ಎಂಬುದು ಒಂದು ಒರಟು ಅಂದಾಜು. 10 ಸೆಂಟಿಮೀಟರಿನ ಮೀನಿಗೆ ಇದು ಸೆಕೆಂಡಿಗೆ 1 ಮೀಟರ್ ಆಗುತ್ತದೆ. ನೀರು 5 ಸೆಂಟಿಮೀಟರ್ ಮಟ್ಟವ್ಯತ್ಯಾಸವಿರುವ ಕಿಂಡಿಯಲ್ಲಿ ನುಗ್ಗುವಾಗ ಅದರ ವೇಗ ಹೆಚ್ಚುಕಡಿಮೆ ಅಷ್ಟೇ, 10 ಸೆಂಟಿಮೀಟರಾದರೆ ಸೆಕೆಂಡಿಗೆ 1.4 ಮೀಟರ್, 20 ಸೆಂಟಿಮೀಟರಾದರೆ ಸುಮಾರು 2 ಮೀಟರ್. ಅಂದರೆ ನಮ್ಮ ಕಣ್ಣಿಗೆ ಏನೇನೂ ಅಲ್ಲದ ಒಂದು ಗೇಣಿನ ಜಿಗಿತ ಬೆರಳುದ್ದದ ಮೀನಿಗೆ ಗೋಡೆಯೇ ಸರಿ. ಮುಂದೆ ಬರುವ ಎಲ್ಲ ಉಪಾಯಗಳನ್ನೂ ಈ ಲೆಕ್ಕದಿಂದ ಅಳೆಯಬಹುದು.

ಹಲಗೆ ಮತ್ತು ಗೇಟು: ನಿರ್ವಹಣೆಯಲ್ಲೇ ಇರುವ ಪರಿಹಾರ

ಕರಾವಳಿಯ ಜಿಲ್ಲೆಗಳಲ್ಲಿ ಮಣ್ಣು, ಕಲ್ಲು, ಅಡಿಕೆ ಮರದ ಸಲಾಕೆಗಳಿಂದ ವರ್ಷವರ್ಷವೂ ಕಟ್ಟುತ್ತಿದ್ದ ತಾತ್ಕಾಲಿಕ ಕಟ್ಟಗಳ ಜಾಗವನ್ನು ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳು ತುಂಬಿಕೊಂಡಿವೆ. ಹಳೆಯ ಕಟ್ಟ ಮೀನಿಗೆ ತೊಡಕಾಗಿರಲಿಲ್ಲ, ಏಕೆಂದರೆ ಮೊದಲ ನೆರೆಗೆ ಅದು ಕೊಚ್ಚಿಹೋಗುತ್ತಿತ್ತು. ಕಿಂಡಿ ಅಣೆಕಟ್ಟು ಸರಿಯಾಗಿ ನಡೆದರೆ ಹೆಚ್ಚುಕಡಿಮೆ ಅದನ್ನೇ ಮಾಡುತ್ತದೆ: ಹಿಂಗಾರು ಮುಗಿಯುವ ಹೊತ್ತಿಗೆ ಹಲಗೆ ಇಳಿಸಿ, ಮುಂಗಾರಿಗೆ ಮೊದಲು ತೆಗೆದರೆ ಹತ್ತುಮೀನಿನ ಕಾಲದಲ್ಲಿ ಕಿಂಡಿಗಳು ತೆರೆದೇ ಇರುತ್ತವೆ. ಆದ್ದರಿಂದ ನಮ್ಮ ಹೊಳೆಗಳ ಎಲ್ಲ ಅಡ್ಡಗಟ್ಟೆಗಳಲ್ಲಿ ಮೀನಿನ ದೃಷ್ಟಿಯಿಂದ ತಿದ್ದಲು ಅತ್ಯಂತ ಸುಲಭವಾದದ್ದು ಇದೇ, ಮತ್ತು ಇದನ್ನು ದೊಡ್ಡ ಅಣೆಕಟ್ಟಿನ ಜೊತೆಗಿಟ್ಟು ಒಂದೇ ಮಾತಿನಲ್ಲಿ ಬೈಯುವುದು ನ್ಯಾಯವಲ್ಲ.

ಹಾಗೆಂದು ಇದು ತಾನಾಗಿಯೇ ನಿರಪಾಯಕಾರಿಯೂ ಅಲ್ಲ. ಹಲಗೆ ತೆಗೆಯುವುದು ಎರಡು ವಾರ ತಡವಾದರೆ, ಮೊದಲ ಮಳೆಗೆ ಏರಿಬಂದ ಮೀನು ಕಟ್ಟೆಯ ಬುಡದಲ್ಲಿ ಗುಂಪುಗಟ್ಟಿ ಬಲೆಗೆ ಬೀಳುತ್ತದೆ. ಎಲ್ಲ ಕಿಂಡಿಗಳ ಬದಲು ನಡುವಿನ ಒಂದೆರಡನ್ನು ಮಾತ್ರ ತೆರೆದರೆ ಅಷ್ಟೂ ನೀರು ಅಲ್ಲೇ ನುಗ್ಗಿ, ಮೇಲೆ ಹೇಳಿದ ವೇಗದ ಲೆಕ್ಕದಲ್ಲಿ ಸಣ್ಣ ಮೀನಿಗೆ ದಾರಿಯೇ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಕಡೆಗಣಿತವಾದದ್ದು ಕೆಳಹಾಸು. ಕಟ್ಟಿದ ಹೊಸತರಲ್ಲಿ ಹೊಳೆಯ ತಳಕ್ಕೆ ಸಮನಾಗಿದ್ದ ಕಾಂಕ್ರೀಟ್ ಹಾಸಿನ ಕೆಳಗಿನ ಮಣ್ಣು ನಾಲ್ಕಾರು ಮಳೆಗಾಲದಲ್ಲಿ ಕೊರೆದುಹೋಗಿ, ಹಾಸು ಮೆಟ್ಟಿಲಿನಂತೆ ಎದ್ದುನಿಲ್ಲುತ್ತದೆ. ಹಾಸಿನ ಮೇಲೆ ಹರಿಯುವ ನೀರು ನಾಲ್ಕು ಬೆರಳಿನಷ್ಟು ತೆಳುವಾಗಿರುತ್ತದೆ. ಹಲಗೆಗಳೆಲ್ಲ ತೆಗೆದಿದ್ದರೂ ಕಟ್ಟೆ ಮುಚ್ಚಿದ್ದಂತೆಯೇ. ಇದಕ್ಕೆ ಮದ್ದು ಹಾಸಿನ ಕೆಳಗೆ ದೊಡ್ಡ ಬಂಡೆಗಳನ್ನು ಇಳಿಜಾರಾಗಿ ಪೇರಿಸಿ ನೀರಿನ ಮಟ್ಟ ಏರಿಸುವುದು ಮತ್ತು ಒಂದು ಬದಿಯ ಕಿಂಡಿಯನ್ನು ಉಳಿದವುಗಳಿಗಿಂತ ತಗ್ಗಾಗಿ ಇಡುವುದು. ಹೊಸ ಕಟ್ಟೆಯ ನಕ್ಷೆಯಲ್ಲೇ ಇದನ್ನು ಸೇರಿಸಿದರೆ ಹೆಚ್ಚುವರಿ ಖರ್ಚು ಗಮನಕ್ಕೆ ಬರುವಷ್ಟೂ ಆಗುವುದಿಲ್ಲ.

ಅಳಿವೆಗೆ ಹತ್ತಿರ, ಉಪ್ಪುನೀರು ಒಳನುಗ್ಗದಂತೆ ಕಟ್ಟಿದ ಕಟ್ಟೆಗಳ ವಿಚಾರ ಬೇರೆ. ಅಲ್ಲಿ ಬೇಸಿಗೆಯಲ್ಲೂ ಕಡಲು ಮತ್ತು ಹೊಳೆಯ ನಡುವೆ ಓಡಾಡುವ ಜಾತಿಗಳಿರುವುದರಿಂದ ಮಳೆಗಾಲದಲ್ಲಿ ತೆರೆಯುವುದಷ್ಟೇ ಸಾಲದು. ಒಂದು ಬದಿಯಲ್ಲಿ ಬಿರುಸುಕೂದಲಿನ ಬ್ರಷ್ ಅಥವಾ ತೆಂಗಿನ ನಾರು ಹಾಸಿ ಸದಾ ಒದ್ದೆಯಾಗಿಡುವ ಇಳಿಜಾರು ಕಾಲುವೆಯನ್ನಾದರೂ ಹಾವುಮೀನಿನ ಮರಿಗಳಿಗಾಗಿ ಬಿಡಬೇಕು.

ಗೇಟು ತೆರೆಯುವುದಕ್ಕೂ ಏಣಿ ಕಟ್ಟುವುದಕ್ಕೂ ಇರುವ ಅಂತರವನ್ನು ತೋರಿಸುವ ಒಳ್ಳೆಯ ಉದಾಹರಣೆ ಥಾಯ್ಲೆಂಡಿನದು. ಮೆಕಾಂಗ್ ನದಿಯ ಉಪನದಿಯಾದ ಮುನ್ ಮೇಲೆ 1994ರಲ್ಲಿ ಮುಗಿದ ಪಾಕ್ ಮುನ್ ಅಣೆಕಟ್ಟಿಗೆ ಮೀನೇಣಿಯನ್ನೂ ಜೋಡಿಸಲಾಗಿತ್ತು. ಅಣೆಕಟ್ಟುಗಳ ಜಾಗತಿಕ ಆಯೋಗಕ್ಕಾಗಿ ನಡೆದ ಅಧ್ಯಯನದ ಪ್ರಕಾರ, ಮೊದಲು ದಾಖಲಾಗಿದ್ದ 265 ಜಾತಿಗಳಲ್ಲಿ ಅಣೆಕಟ್ಟಿನ ಮೇಲ್ಭಾಗದ ಬಲೆಗಳಿಗೆ ಆಮೇಲೆ ಸಿಕ್ಕಿದ್ದು 96 ಮಾತ್ರ, ಏಣಿ ನಿಷ್ಪ್ರಯೋಜಕವಾಗಿತ್ತು. ಮೀನುಗಾರರ ದೀರ್ಘ ಹೋರಾಟದ ಫಲವಾಗಿ 2001ರಲ್ಲಿ ಗೇಟುಗಳನ್ನು ತೆರೆದಾಗ ಹಲವು ಜಾತಿಗಳು ಮೇಲಕ್ಕೆ ಮರಳಿದವು, ನಂತರ ವರ್ಷಕ್ಕೆ ನಾಲ್ಕು ತಿಂಗಳು ತೆರೆದಿಡುವ ಏರ್ಪಾಡಿಗೆ ಸರ್ಕಾರ ಒಪ್ಪಿತು. ನಾಲ್ಕು ತಿಂಗಳು ಸಾಕೇ ಎಂಬ ಜಗಳ ಅಲ್ಲಿ ಮುಗಿದಿಲ್ಲ, ಆದರೆ ಏಣಿಯೇ ಮೇಲು ಎಂದು ವಾದಿಸುವವರು ಅಲ್ಲಿ ಯಾರೂ ಉಳಿದಿರಲಾರರು.

ಅಣೆಕಟ್ಟನ್ನು ತೆಗೆಯುವುದು

ಮೀನಿನ ಪಾಲಿಗೆ ಇದಕ್ಕೆ ಸಾಟಿಯಾದದ್ದು ಯಾವುದೂ ಇಲ್ಲ, ಏರುವ ದಾರಿ, ಇಳಿಯುವ ದಾರಿ, ಗರಸು, ನೀರಿನ ತಂಪು ಎಲ್ಲವೂ ಒಟ್ಟಿಗೆ ಮರಳುತ್ತವೆ. ಅಮೆರಿಕದ ಮೇನ್ ರಾಜ್ಯದ ಕೆನೆಬೆಕ್ ನದಿಯ ಎಡ್ವರ್ಡ್ಸ್ ಅಣೆಕಟ್ಟನ್ನು 1999ರಲ್ಲಿ ಒಡೆದದ್ದು ಈ ಹಾದಿಯಲ್ಲಿ ಮೈಲಿಗಲ್ಲು. ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ತೆಗೆಯಲಾಯಿತು, ಅವುಗಳಲ್ಲೊಂದು 64 ಮೀಟರ್ ಎತ್ತರದ್ದು. ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು ತೆಗೆಯುವ ಕೆಲಸ 2024ರಲ್ಲಿ ಮುಗಿದ ಕೆಲವೇ ವಾರಗಳಲ್ಲಿ ಸಾಲ್ಮನ್ ಮೀನುಗಳು ಹಳೆಯ ಅಡ್ಡಿಗಳ ಮೇಲ್ಭಾಗದಲ್ಲಿ ಕಾಣಿಸಿಕೊಂಡವು.

ನಮ್ಮಲ್ಲಿ ಕೃಷ್ಣರಾಜಸಾಗರವನ್ನೋ ತುಂಗಭದ್ರಾ ಅಣೆಕಟ್ಟನ್ನೋ ತೆಗೆಯುವ ಮಾತು ಯಾರೂ ಆಡುವುದಿಲ್ಲ, ಆಡಿದರೂ ಅದರಿಂದ ಈ ಚರ್ಚೆಗೆ ಪ್ರಯೋಜನವಿಲ್ಲ. ಆದರೆ ನಾಲೆ ಪಾಳುಬಿದ್ದು ಕಟ್ಟೆ ಮಾತ್ರ ಉಳಿದಿರುವ, ನಾಲೆಗೆ ನೀರು ತಿರುಗಿಸಲು ಕಟ್ಟಿದ ಪಿಕಪ್‌ಗಳು, ಹೂಳು ತುಂಬಿ ನೀರು ನಿಲ್ಲದ ಚೆಕ್‌ಡ್ಯಾಮ್‌ಗಳು, ಹೊಸ ಸೇತುವೆಯಾದ ಮೇಲೂ ಹೊಳೆಯಲ್ಲೇ ಬಿದ್ದಿರುವ ಹಳೆಯ ಮುಳುಗುಸೇತುವೆಗಳು ಇವೆ. ಇವು ಯಾರಿಗೂ ಬೇಡವಾದ, ಆದರೂ ಮೀನನ್ನು ವರ್ಷವಿಡೀ ತಡೆಯುವ ರಚನೆಗಳು. ಎಲ್ಲರ ಒಪ್ಪಿಗೆ ಪಡೆದು ತೆಗೆಯಲು ಇವೇ ಯೋಗ್ಯ. ತೆಗೆಯುವಾಗ ಹಿಂದೆ ಶೇಖರವಾದ ಹೂಳು ಒಮ್ಮೆಗೇ ಕೆಳಗಿನ ಮಡುಗಳಿಗೆ ನುಗ್ಗದಂತೆ, ಮಳೆಗಾಲದ ಆರಂಭಕ್ಕೆ ಮೊದಲು ಹಂತಹಂತವಾಗಿ ತಗ್ಗಿಸುವುದು ಕ್ಷೇಮ. ರಸ್ತೆಯ ಮೋರಿಗಳನ್ನೂ ಇದೇ ಪಟ್ಟಿಗೆ ಸೇರಿಸಬೇಕು: ಹಳ್ಳಕ್ಕೆ ಅಡ್ಡವಾಗಿ ಹಾಕಿದ ಹ್ಯೂಮ್ ಪೈಪಿನ ಕೆಳತುದಿ ನೀರಿಗಿಂತ ಮೇಲಿದ್ದರೆ ಮೀನಿನ ಮಟ್ಟಿಗೆ ಅದು ಅಣೆಕಟ್ಟೇ. ಪೈಪಿನ ಬದಲು ತಳವಿಲ್ಲದ ಸಣ್ಣ ಸೇತುವೆ ಹಾಕಿದರೆ ಇಡೀ ಹಳ್ಳವೇ ಮೊಟ್ಟೆಯಿಡುವ ಜಾಗವಾಗಿ ಮರಳಿ ಸಿಗುತ್ತದೆ.

ಬಂಡೆಯ ಇಳಿಜಾರು ಮತ್ತು ಬಳಸುಗಾಲುವೆ

ಕಟ್ಟೆ ಬೇಕೇಬೇಕು, ಗೇಟಿಲ್ಲ, ಎತ್ತರ ನಾಲ್ಕು ಮೀಟರಿನ ಒಳಗಿದೆ ಎಂದಾದರೆ ನನ್ನ ಮತ ಇವುಗಳ ಕಡೆಗೆ. ಕಟ್ಟೆಯ ಕೆಳಮೈಗೆ ಒಂದು ದಡದಲ್ಲಿ ದೊಡ್ಡ ಕಲ್ಲುಗಳನ್ನು ಒರಟಾಗಿ ಹೂಡಿ ಮಂದವಾದ ಇಳಿಜಾರು ಮಾಡುವುದು ಒಂದು ಬಗೆ. ದಡದ ಜಮೀನಿನಲ್ಲಿ ಅಂಕುಡೊಂಕಾದ ಹಳ್ಳದಂಥ ಕಾಲುವೆ ತೋಡಿ ಕಟ್ಟೆಯನ್ನು ಬಳಸಿ ಹೋಗುವಂತೆ ಮಾಡುವುದು ಇನ್ನೊಂದು ಬಗೆ. ಎರಡರಲ್ಲೂ ಇಳಿಜಾರು 20ಕ್ಕೆ 1ಕ್ಕಿಂತ ಕಡಿದಾಗಬಾರದು, 30ಕ್ಕೆ 1 ಆದರೆ ಉತ್ತಮ. ಲೆಕ್ಕ ಸರಳ: 3 ಮೀಟರ್ ಎತ್ತರದ ಕಟ್ಟೆಗೆ 30ಕ್ಕೆ 1ರಂತೆ 90 ಮೀಟರ್ ಉದ್ದ ಬೇಕು. ಇದೇ ಲೆಕ್ಕವನ್ನು ಸುಮಾರು 39 ಮೀಟರ್ ಎತ್ತರದ ಕೃಷ್ಣರಾಜಸಾಗರಕ್ಕೆ ಹಾಕಿದರೆ ಒಂದು ಕಿಲೋಮೀಟರಿಗೂ ಮಿಕ್ಕುತ್ತದೆ. ಈ ಉಪಾಯ ಎಲ್ಲಿ ಕೊನೆಗೊಳ್ಳುತ್ತದೆ ಎಂಬುದು ಅದರಿಂದಲೇ ತಿಳಿಯುತ್ತದೆ.

ಇದರ ದೊಡ್ಡ ಗುಣವೆಂದರೆ ಪಕ್ಷಪಾತವಿಲ್ಲದಿರುವುದು. ಕಲ್ಲುಗಳ ಸಂದಿನಲ್ಲಿ ನೀರು ಒಂದೆಡೆ ವೇಗವಾಗಿ, ಒಂದೆಡೆ ನಿಧಾನವಾಗಿ, ಒಂದೆಡೆ ಆಳವಾಗಿ ಹರಿಯುವುದರಿಂದ ಮಹಸೀರಿನಿಂದ ಹಿಡಿದು ಕಲ್ಲಿಗೆ ಅಂಟಿಕೊಂಡು ತೆವಳುವ ಬೆರಳುದ್ದದ ಮೀನಿನ ತನಕ, ಏಡಿ ಸೀಗಡಿಗಳ ತನಕ ಎಲ್ಲಕ್ಕೂ ದಾರಿಯಾಗುತ್ತದೆ. ಕಾವೇರಿಯ ಹಳೆಯ ಅಣೆಗಳು, ಶ್ರೀರಂಗಪಟ್ಟಣದ ಬಳಿಯ ಬಂಗಾರದೊಡ್ಡಿಯಿಂದ ತಲಕಾಡಿನ ಬಳಿಯ ಮಾಧವಮಂತ್ರಿಯವರೆಗೆ, ತಗ್ಗಾಗಿ ಒರಟುಗಲ್ಲಿನಿಂದ ಕಟ್ಟಿದವುಗಳಾದ್ದರಿಂದ ದೊಡ್ಡ ನೆರೆಯಲ್ಲಿ ಮುಳುಗಿ ಮೀನಿಗೆ ಅಷ್ಟಿಷ್ಟು ಎಡೆಗೊಡುತ್ತಿದ್ದವು. ಇಂಥ ಅಣೆಗಳನ್ನು ದುರಸ್ತಿಯ ಹೆಸರಿನಲ್ಲಿ ನುಣುಪು ಕಾಂಕ್ರೀಟಿನಿಂದ ಮೆತ್ತಿ ಒಂದಡಿ ಎತ್ತರಿಸುವಾಗ ನೀರು ಸೋರುವುದು ನಿಲ್ಲುತ್ತದೆ, ನಿಜ. ಜೊತೆಗೆ ಮೀನಿನ ದಾರಿಯೂ ನಿಲ್ಲುತ್ತದೆ. ಕೆಳಮೈಯನ್ನು ಒರಟಾಗಿಯೇ ಬಿಡಲು ಅಂದಾಜುಪಟ್ಟಿಯಲ್ಲಿ ಒಂದು ಸಾಲು ಸಾಕು.

ದೋಷವೂ ಇದೆ. ಬಳಸುಗಾಲುವೆಗೆ ಜಮೀನು ಬೇಕು, ತೋಟದ ಬೆಲೆಯಿರುವ ಕಡೆ ಅದು ಸುಲಭವಲ್ಲ. ಕಾಲುವೆಯ ಕೆಳಬಾಯಿ ಕಟ್ಟೆಯ ಬುಡಕ್ಕೆ ಹತ್ತಿರವಿಲ್ಲದೆ ನೂರಾರು ಮೀಟರ್ ಕೆಳಗಿದ್ದರೆ, ಭೋರ್ಗರೆಯುವ ನೀರಿನತ್ತ ಹೋಗುವ ಮೀನು ಅದನ್ನು ದಾಟಿ ಮುಂದೆ ಹೋಗಿ ಕಟ್ಟೆಯ ಬುಡದಲ್ಲೇ ಸುತ್ತುತ್ತಿರುತ್ತದೆ. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದೋ ಪಂಪಿಗೆ ಬಿಡುವುದೋ ಎಂಬ ಜಗಳವನ್ನು ಊರವರೇ ಮೊದಲು ಬಗೆಹರಿಸಿಕೊಂಡಿರಬೇಕು.

ಮೀನೇಣಿ

ಎಂಜಿನಿಯರರು ಫಿಶ್ ಲ್ಯಾಡರ್ ಎಂದು ಕರೆಯುವ ಕಾಂಕ್ರೀಟ್ ಮೆಟ್ಟಿಲುಗಾಲುವೆಯ ಬಗ್ಗೆ ನಮ್ಮಲ್ಲಿ ಅತಿಯಾದ ನಂಬಿಕೆಯಿದೆ. ಅದರ ಇತಿಹಾಸ ಉತ್ತರದ ತಂಪು ನದಿಗಳದ್ದು, ಅದರ ಮೊದಲ ಗ್ರಾಹಕ ಸಾಲ್ಮನ್. ನೀರಿನಿಂದ ಮೇಲೆ ಜಿಗಿದು ಕೊಳದಿಂದ ಕೊಳಕ್ಕೆ ಹಾರಬಲ್ಲ ಮೀನು ಅದು. ನಮ್ಮ ಹೊಳೆಗಳ ಹೆಚ್ಚಿನ ಜಾತಿಗಳು ನೀರಿನೊಳಗೇ ಈಜಿ ದಾಟುವಂಥವು. ಆದ್ದರಿಂದ ಮೆಟ್ಟಿಲ ಮೇಲಿಂದ ನೀರು ಧುಮುಕುವ ಹಳೆಯ ಮಾದರಿಗಿಂತ, ಅಡ್ಡಗೋಡೆಯಲ್ಲಿ ತಳದಿಂದ ಮೇಲಿನವರೆಗೆ ಸೀಳು ಬಿಟ್ಟು ಮೀನು ಯಾವ ಆಳದಲ್ಲಾದರೂ ತೂರಿ ಹೋಗುವಂತೆ ಮಾಡಿದ ಮಾದರಿ ಇಲ್ಲಿಗೆ ವಾಸಿ. ಕೆನಡಾದ ಫ್ರೇಸರ್ ನದಿಯಲ್ಲಿ 1914ರ ಬಂಡೆಕುಸಿತದಿಂದ ಇಕ್ಕಟ್ಟಾಗಿದ್ದ ಹೆಲ್ಸ್ ಗೇಟ್ ಕಣಿವೆಯಲ್ಲಿ 1940ರ ದಶಕದಲ್ಲಿ ಕಟ್ಟಿದ್ದು ಈ ಮಾದರಿಯೇ, ಅದು ಈಗಲೂ ಕೆಲಸ ಮಾಡುತ್ತಿದೆ. ಗಮನಿಸಬೇಕಾದದ್ದೇನೆಂದರೆ ಅಲ್ಲಿ ಮೇಲುಗಡೆ ಜಲಾಶಯವಿಲ್ಲ, ಹರಿಯುವ ನದಿಯೇ ಇದೆ.

ಕೊಳದಿಂದ ಕೊಳಕ್ಕೆ 20 ಸೆಂಟಿಮೀಟರಿಗಿಂತ ಹೆಚ್ಚು ಮಟ್ಟವ್ಯತ್ಯಾಸ ಇರಬಾರದು ಎಂಬುದು ದೊಡ್ಡ ಮೀನುಗಳ ಲೆಕ್ಕ. ಸಣ್ಣ ಜಾತಿಗಳೂ ದಾಟಬೇಕಾದರೆ 10 ಸೆಂಟಿಮೀಟರಿಗೆ ಇಳಿಸಬೇಕು, ಆಗ 3 ಮೀಟರ್ ಎತ್ತರಕ್ಕೆ 30 ಕೊಳಗಳಾಗುತ್ತವೆ. ಹೊಳೆಯ ಹರಿವಿನ ಶೇ 1ರಿಂದ 5ರಷ್ಟಾದರೂ ಏಣಿಯ ಬಾಯಿಂದ ಬಾರದಿದ್ದರೆ ಮೀನಿಗೆ ಏಣಿ ಇರುವುದೇ ತಿಳಿಯುವುದಿಲ್ಲ. ಮೊದಲ ನೆರೆಗೆ ಕೊಚ್ಚಿಬರುವ ಮರದ ದಿಮ್ಮಿ, ಪ್ಲಾಸ್ಟಿಕ್, ತರಗೆಲೆ ಸೀಳುಗಳನ್ನು ಮುಚ್ಚುತ್ತವೆ. ಬೇಕಾಗಿರುವ ಅದೇ ವಾರ ಏಣಿ ಕಟ್ಟಿಕೊಂಡಿರುತ್ತದೆ. ಗುತ್ತಿಗೆಯಲ್ಲಿ ಕಟ್ಟುವುದಕ್ಕೆ ಹಣವಿರುತ್ತದೆ, ಜೂನ್ ತಿಂಗಳಲ್ಲಿ ದಿನಾಲೂ ಕಸ ತೆಗೆಯುವ ಆಳಿಗೆ ಇರುವುದಿಲ್ಲ.

ಇವೆಲ್ಲ ಸರಿಹೋದರೂ ಎರಡು ತೊಡಕುಗಳು ಉಳಿಯುತ್ತವೆ. ಮೊದಲನೆಯದು ಗುಣಾಕಾರದ್ದು: ಪ್ರತಿ ಕಟ್ಟೆಯಲ್ಲೂ ನೂರಕ್ಕೆ ಎಪ್ಪತ್ತು ಮೀನು ದಾಟುವಷ್ಟು ಒಳ್ಳೆಯ ಏಣಿಗಳಿವೆ ಎಂದಿಟ್ಟುಕೊಂಡರೂ ನಾಲ್ಕು ಕಟ್ಟೆ ದಾಟುವಷ್ಟರಲ್ಲಿ ಉಳಿಯುವುದು ಇಪ್ಪತ್ತನಾಲ್ಕು. ಅಮೆರಿಕದ ಪೂರ್ವ ಕರಾವಳಿಯ ನದಿಗಳಲ್ಲಿ ಏಣಿ, ಲಿಫ್ಟ್ ಎಲ್ಲವೂ ಇದ್ದರೂ, ಎಲ್ಲಕ್ಕಿಂತ ಕೆಳಗಿನ ಅಣೆಕಟ್ಟು ದಾಟಿದ, ಕಡಲಿನಿಂದ ನದಿಗೇರುವ ಶ್ಯಾಡ್ ಮೀನುಗಳಲ್ಲಿ ಎಲ್ಲ ಅಣೆಕಟ್ಟುಗಳನ್ನೂ ದಾಟಿ ಮೊಟ್ಟೆಯಿಡುವ ಜಾಗ ಮುಟ್ಟುವುದು ಶೇ 3ಕ್ಕಿಂತ ಕಡಿಮೆ ಎಂದು 2013ರ ಒಂದು ಅಧ್ಯಯನ ತೋರಿಸಿತು. ಎರಡನೆಯದು ಇನ್ನೂ ಗಂಭೀರ. ಬ್ರೆಜಿಲ್ ದೇಶದ ದೊಡ್ಡ ಜಲಾಶಯಗಳಲ್ಲಿ ಏಣಿ ಹತ್ತಿದ ಮೀನುಗಳು ಮೇಲೆ ಮೊಟ್ಟೆಯಿಟ್ಟರೂ, ತೇಲಿಬರುವ ಮೊಟ್ಟೆ ಮರಿಗಳು ಜಲಾಶಯದ ನಿಂತ ನೀರಿನಲ್ಲಿ ತಳಕ್ಕಿಳಿದು ಸತ್ತವು, ತಾಯಿ ಮೀನುಗಳು ಕೆಳಗಿಳಿಯಲಿಲ್ಲ. ಏಣಿ ಒಂದು ದಿಕ್ಕಿನ ಬೋನಾಯಿತು. ಮೇಲುಗಡೆ ಉದ್ದನೆಯ ಜಲಾಶಯವಿದ್ದು ಅದರಾಚೆ ಮೊಟ್ಟೆಯಿಡುವ ಉಪನದಿ ಉಳಿದಿಲ್ಲವಾದರೆ ಏಣಿ ಕಟ್ಟುವುದು ವ್ಯರ್ಥವಷ್ಟೇ ಅಲ್ಲ, ಹಾನಿ.

ಮೀನನ್ನು ಲಿಫ್ಟಿನಲ್ಲಿ ಎತ್ತುವುದು ಅಥವಾ ಹಿಡಿದು ಟ್ಯಾಂಕಿನಲ್ಲಿ ಸಾಗಿಸಿ ಮೇಲೆ ಬಿಡುವುದು ಎತ್ತರದ ಅಣೆಕಟ್ಟುಗಳಿಗೆ ಉಳಿಯುವ ಉಪಾಯ. 1975ರಲ್ಲಿ ಫರಕ್ಕಾ ಬ್ಯಾರೇಜ್ ಆದ ಮೇಲೆ ಗಂಗೆಯ ಮೇಲುಹರಿವಿನಲ್ಲಿ, ಕಡಲಿನಿಂದ ನದಿಗೇರುವ ಹಿಲ್ಸಾ ಮೀನಿನ ಸಂಖ್ಯೆ ಕುಸಿದುಬಿದ್ದು, ಈಗ ಕೇಂದ್ರದ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆ ಜೀವಂತ ಹಿಲ್ಸಾಗಳನ್ನು ಹಿಡಿದು ಬ್ಯಾರೇಜಿನ ಮೇಲೆ ಬಿಡುತ್ತಿದೆ. ಒಂದು ಜಾತಿಗಾಗಿ, ವರ್ಷವರ್ಷವೂ, ಕೂಲಿ ಮತ್ತು ಇಂಧನ ಸುರಿದು ಮಾಡುವ ಕೆಲಸ ಇದು. ನಲವತ್ತು ಜಾತಿಗಳಿರುವ ಘಟ್ಟದ ಹೊಳೆಗೆ ಒಗ್ಗುವುದಿಲ್ಲ.

ಬಿಟ್ಟ ನೀರು

ಕಿರು ಜಲವಿದ್ಯುತ್ ಘಟಕಗಳಲ್ಲಿ ತಡೆಗೋಡೆಗಿಂತ ದೊಡ್ಡ ಅಡ್ಡಿ ಒಣಗಿದ ಹೊಳೆಯೇ. ತಿರುವುಗಟ್ಟೆಯಿಂದ ನೀರನ್ನು ಕೊಳವೆಗೆ ತಿರುಗಿಸಿ ಕೆಲವು ಕಿಲೋಮೀಟರ್ ಕೆಳಗೆ ಮತ್ತೆ ಹೊಳೆಗೆ ಬಿಡುವಾಗ ನಡುವಿನ ಹರವು ಬರಿ ಬಂಡೆಯಾಗುತ್ತದೆ. ಉಳಿದ ಗುಂಡಿಗಳ ನೀರು ಬಿಸಿಯಾಗಿ ಆಮ್ಲಜನಕ ಕುಗ್ಗುತ್ತದೆ. ಅಲ್ಲಿ ಏಣಿ ಕಟ್ಟಿದರೆ ಅದು ಒಣಗಿದ ಹಳ್ಳಕ್ಕೆ ಇಳಿಯುವ ಮೆಟ್ಟಿಲಾದೀತು. 25 ಮೆಗಾವಾಟ್ ಒಳಗಿನ ಜಲವಿದ್ಯುತ್ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪೂರ್ವಾನುಮತಿ ಬೇಕಿಲ್ಲದ್ದರಿಂದ ಈ ಪ್ರಶ್ನೆಯನ್ನು ಕೇಳುವವರೇ ಇರುವುದಿಲ್ಲ. ಬಿಡಬೇಕಾದ ನೀರಿನ ಪ್ರಮಾಣಕ್ಕೆ ಎರಡು ಮಾದರಿಗಳಿವೆ: ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಹೇಳಿದ, ಬೇಸಿಗೆಯ ಸರಾಸರಿ ಹರಿವಿನ ಶೇ 15ರಿಂದ 20, ಮತ್ತು ಗಂಗೆಯ ಮೇಲ್ಭಾಗಕ್ಕಾಗಿ 2018ರ ಅಧಿಸೂಚನೆ ನಿಗದಿಪಡಿಸಿದ, ಒಣ ತಿಂಗಳುಗಳಲ್ಲಿ ಶೇ 20, ನಡುಗಾಲದಲ್ಲಿ 25, ಮಳೆಗಾಲದಲ್ಲಿ 30. ಮೀನಿನ ದೃಷ್ಟಿಯಿಂದ ಎರಡನೆಯದು ಮೇಲು, ಏಕೆಂದರೆ ಅದು ಋತುಮಾನವನ್ನು ಅನುಸರಿಸುತ್ತದೆ. ಮೊದಲ ಮಳೆಯ ಉಬ್ಬರವೇ ಮೀನಿಗೆ ಹೊರಡುವ ಸೂಚನೆಯಾದ್ದರಿಂದ ವರ್ಷವಿಡೀ ಒಂದೇ ಸಮ ಸೋರುವ ನೀರು ಆ ಕೆಲಸ ಮಾಡಲಾರದು.

ಮರಿ ಬಿಡುವುದು ಮತ್ತು ಮತ್ಸ್ಯಧಾಮ

ಮರಿ ಬಿಡುವುದು ಸುಲಭ, ಫೋಟೊಗೂ ಚೆನ್ನ, ಮತ್ತು ದಾರಿ ಬಿಡಿಸುವ ಕೆಲಸಕ್ಕೆ ಪರ್ಯಾಯ ಎಂದು ಇದನ್ನೇ ಮುಂದಿಡುವ ಚಾಳಿ ಇದೆ. ಕಾವೇರಿಯ ಬಿಳಿಮೀನಿನ ಕಥೆ ಇಲ್ಲಿ ಎಚ್ಚರಿಕೆಯ ಗಂಟೆ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಗೂನುಬೆನ್ನಿನ ಮಹಸೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳದಲ್ಲಿ ಹಿಡಿದ ಮಹಸೀರಿನ ದಾಖಲೆಯಾಗಿ ಅದು ಹೆಸರಾಯಿತು. ಮಹಸೀರ್ ಕಡಿಮೆಯಾಗುತ್ತಿದೆ ಎಂದು ಕೃಷ್ಣಾ ಕಣಿವೆಯ ನೀಲಿರೆಕ್ಕೆಯ ಮಹಸೀರಿನ ಮರಿಗಳನ್ನು ಸಾಕಿ ಕಾವೇರಿಗೆ ಬಿಡಲಾಯಿತು. ಗಾಳಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕವನ್ನು ಸಂಶೋಧಕರು ನೋಡಿದಾಗ, ಒಟ್ಟು ಮಹಸೀರ್ ಹೆಚ್ಚಿದ್ದವು, ಆದರೆ ಹೆಚ್ಚಿದ್ದು ಹೊರಗಿನದು. ಕಾವೇರಿಯದೇ ಆದ ಗೂನುಬೆನ್ನಿನ ಮೀನು ಮರೆಯಾಗುತ್ತ ಬಂದಿತ್ತು. ಅದಕ್ಕೆ ಟಾರ್ ರೆಮಾದೇವಿಯೈ ಎಂಬ ವೈಜ್ಞಾನಿಕ ಹೆಸರು ಸಲ್ಲುತ್ತದೆ ಎಂದು ಖಚಿತವಾದದ್ದು 2018ರಲ್ಲಿ, ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಹಾಗಾಗಿ ಮರಿ ಬಿಡುವುದಾದರೆ ಅದೇ ಕಣಿವೆಯ, ಅದೇ ಜಾತಿಯ ತಾಯಿಮೀನಿನಿಂದ ಪಡೆದವನ್ನು ಮಾತ್ರ, ಅದೂ ಮೊಟ್ಟೆಯಿಡುವ ದಾರಿ ತೆರೆದ ಮೇಲೆ.

ಶೃಂಗೇರಿಯ ತುಂಗೆ, ರಾಮನಾಥಪುರದ ಕಾವೇರಿ, ಶಿಶಿಲದ ಕಪಿಲಾ ಹೊಳೆಗಳಲ್ಲಿ ದೇವರ ಮೀನೆಂದು ಕಾಪಾಡಿಕೊಂಡು ಬಂದ ಮಡುಗಳು ಯಾವ ಇಲಾಖೆಯೂ ಮಾಡದ ಕೆಲಸವನ್ನು ಮಾಡಿವೆ: ದೊಡ್ಡ ತಾಯಿಮೀನುಗಳನ್ನು ಬೇಸಿಗೆ ದಾಟಿಸುವುದು. ಆದರೆ ಮಂಡಕ್ಕಿಗೆ ಮುತ್ತುವ ಮೀನಿನ ಸಂಖ್ಯೆಯನ್ನು ನೋಡಿ ಹೊಳೆ ಚೆನ್ನಾಗಿದೆ ಎನ್ನುವಂತಿಲ್ಲ, ಏಕೆಂದರೆ ಅಲ್ಲಿ ಕಾಣುವುದು ವಯಸ್ಸಾದವು. ಮತ್ಸ್ಯಧಾಮದ ಮೇಲೂ ಕೆಳಗೂ ಕಟ್ಟೆಗಳಾದರೆ ಆ ಮಡುವಿನ ಮೀನಿಗೆ ಮರಿಮಾಡುವ ಜಾಗವಿಲ್ಲ. ದೇವಸ್ಥಾನದ ಸಮಿತಿಗಳು ಸ್ನಾನಘಟ್ಟದ ಮೆಟ್ಟಿಲಿನಾಚೆಗೂ ನೋಡಿ, ತಮ್ಮ ಮಡುವಿಗೆ ಸೇರುವ ಹಳ್ಳಗಳ ಮೋರಿ ಒಡ್ಡುಗಳ ಬಗ್ಗೆ ದನಿಯೆತ್ತಿದರೆ ಅದರ ಫಲ ದೊಡ್ಡದು.

ಆರಿಸುವಾಗ

ಮೇಲಿನದನ್ನೆಲ್ಲ ಒಂದು ಹೊಳೆಯ ಮೇಲೆ ಇಟ್ಟು ನೋಡಿದರೆ ನನಗೆ ಸರಿಯೆನಿಸುವ ಅನುಕ್ರಮ ಹೀಗಿದೆ. ಕಣಿವೆಯಲ್ಲಿ ಇನ್ನೂ ಕಟ್ಟೆಯಿಲ್ಲದೆ ಹರಿಯುವ ಉದ್ದನೆಯ ಭಾಗವಿದ್ದರೆ ಅದನ್ನು ಹಾಗೆಯೇ ಉಳಿಸುವುದು ಎಲ್ಲ ಕಾಮಗಾರಿಗಳಿಗಿಂತ ಅಗ್ಗ. 67 ಟಿಎಂಸಿ ಅಡಿ ಸಾಮರ್ಥ್ಯದ ಮೇಕೆದಾಟು ಜಲಾಶಯದ ಚರ್ಚೆಯಲ್ಲಿ ಕುಡಿಯುವ ನೀರು ಮತ್ತು ಅಂತರರಾಜ್ಯ ಹಂಚಿಕೆಯ ಮಾತಷ್ಟೇ ಕೇಳುತ್ತದೆ. ಅದು ಮುಳುಗಿಸುವುದು ಕಾವೇರಿ ವನ್ಯಧಾಮದೊಳಗಿನ, ಗೂನುಬೆನ್ನಿನ ಮಹಸೀರ್ ಬದುಕಿದ್ದ ಹರಿವನ್ನೇ ಎಂಬುದು ಕೂಡ ಲೆಕ್ಕಕ್ಕೆ ಬರಬೇಕು, ಆ ನಷ್ಟಕ್ಕೆ ಯಾವ ಏಣಿಯೂ ಪರಿಹಾರವಾಗಲಾರದು. ಆಮೇಲೆ ಹಲಗೆ ಗೇಟುಗಳ ತಾರೀಖು ಮತ್ತು ಕೆಳಹಾಸಿನ ದುರಸ್ತಿ. ಆಮೇಲೆ ಬೇಡವಾದ ಕಟ್ಟೆ ಮೋರಿಗಳ ತೆರವು, ಅದೂ ಹೊಳೆಬಾಯಿಗೆ ಹತ್ತಿರದ್ದರಿಂದ ಮೇಲಕ್ಕೆ, ಏಕೆಂದರೆ ಕೆಳಗಿನ ಕಟ್ಟೆ ಮುಚ್ಚಿಕೊಂಡೇ ಇದ್ದರೆ ಮೇಲಿನದನ್ನು ತೆರೆದೂ ದೂರ ಸಾಗುವ ಮೀನಿಗೆ ಲಾಭವಿಲ್ಲ. ಬಂಡೆಯ ಇಳಿಜಾರು ಅದರ ನಂತರ. ಮೀನೇಣಿ ಕೊನೆಯ ಸಾಲಿನಲ್ಲಿ, ಜಾಗವಿಲ್ಲದ ಕಡೆ ಮಾತ್ರ.

ತೆರೆಯಬಾರದ ಕಟ್ಟೆಯೂ ಇರುತ್ತದೆ. ಕೆಳಗಿನ ಹೊಳೆಯಲ್ಲಿ ತಿಲಾಪಿಯಾ, ಆಫ್ರಿಕದ ಕ್ಯಾಟ್‌ಫಿಶ್ ತುಂಬಿಕೊಂಡಿದ್ದು, ಮೇಲಿನ ಘಟ್ಟದ ಹಳ್ಳದಲ್ಲಿ ಸ್ಥಳೀಯ ಜಾತಿಗಳು ಮಾತ್ರ ಉಳಿದಿದ್ದರೆ ನಡುವಿನ ಒಡ್ಡೇ ಅವುಗಳ ಬೇಲಿಯಾಗಿರಬಹುದು. ತೆಗೆಯುವ ಮೊದಲು ಎರಡೂ ಕಡೆ ಬಲೆ ಬೀಸಿ ನೋಡದವರು ಈ ತಪ್ಪಿಗೆ ಬೀಳುತ್ತಾರೆ.

ಯಾವ ದಾರಿಯನ್ನೇ ಮಾಡಿದರೂ ಮೀನು ಅಲ್ಲಿ ಒತ್ತಾಗಿ ಸೇರುತ್ತದೆ, ಹಾಗಾಗಿ ಹಿಡಿಯುವವರೂ ಅಲ್ಲೇ ಸೇರುತ್ತಾರೆ. ಕಿಂಡಿಯ ಬಾಯಿಗೆ ಕೂಳಿ ಕಟ್ಟಿದರೆ ಲಕ್ಷಗಟ್ಟಲೆ ಖರ್ಚು ಮಾಡಿದ ಇಳಿಜಾರು ಒಂದು ಸಲೀಸಾದ ಬೋನು ಮಾತ್ರ. ದಾರಿಯ ಎರಡೂ ತುದಿಗಳಿಂದ ಒಂದಷ್ಟು ಅಂತರದವರೆಗೆ ಜೂನ್, ಜುಲೈ ತಿಂಗಳಲ್ಲಿ ಮೀನು ಹಿಡಿಯಬಾರದೆಂಬ ಊರಿನ ಒಪ್ಪಂದ, ಹತ್ತುಮೀನು ಹಿಡಿಯುವವರನ್ನೇ ಕೂರಿಸಿಕೊಂಡು ಆಗಬೇಕು.

ಫಲ ಕಂಡಿತೇ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಮುಂಗಾರಿನ ಮೊದಲ ಎರಡು ವಾರ ಕಟ್ಟೆಯ ಬುಡದಲ್ಲಿ ಮೀನು ಗುಂಪುಗಟ್ಟಿ ನಿಲ್ಲುತ್ತಿದೆಯೇ ಎಂದು ಬೆಳಿಗ್ಗೆ ಸಂಜೆ ನೋಡಿ ಬರೆದಿಡುವುದು, ಮಳೆ ಇಳಿದ ಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಮೇಲಿನ ಹಳ್ಳಗಳಲ್ಲಿ ಆ ವರ್ಷದ ಮರಿಗಳಿವೆಯೇ ಎಂದು ಸಣ್ಣ ಕಣ್ಣಿನ ಬಲೆಯಿಂದ ಪರೀಕ್ಷಿಸಿ ಬಿಡುವುದು, ಇವನ್ನು ಕಾಮಗಾರಿಗೆ ಮೊದಲ ಎರಡು ವರ್ಷ ಮತ್ತು ನಂತರದ ಐದು ವರ್ಷ ತಪ್ಪದೆ ಮಾಡಿದರೆ ಸಾಕು. ಮರಿಗಳು ಕಾಣದಿದ್ದರೆ ಮೊದಲು ಹಲಗೆ ತೆಗೆದ ದಿನಾಂಕವನ್ನು, ಆಮೇಲೆ ಕೆಳಹಾಸಿನ ಎತ್ತರವನ್ನು, ಕೊನೆಯಲ್ಲಿ ಕಿಂಡಿಯೊಳಗಿನ ನೀರಿನ ವೇಗವನ್ನು ನೋಡಬೇಕು.